ಮಳೆಗಾಲಕ್ಕೆ ಮೊದಲೇ ಹ್ಯಾಮ್‌ಗಳನ್ನು ಕರೆಯಿರಿ

ಮಾನ್ಯರೇ,

ನಾನೊಬ್ಬ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊ ಸೆಟ್‌ನಲ್ಲಿ ದೂರದವರೊಡನೆ ಮಾತಾಡುವವನು. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಊರಿಗೆ ಕರೆಂಟ್ ಇರಲಿಲ್ಲ, ಮೊಬೈಲ್ ಟವರ್ ಕೂಡ ಸತ್ತಿತ್ತು. ಪಕ್ಕದ ಮನೆಯ ಅಜ್ಜಿಗೆ ಇನ್ಸುಲಿನ್ ಮುಗಿಯುತ್ತಾ ಬಂದಿತ್ತು. ಮಗ ಬೆಂಗಳೂರಿನಲ್ಲಿ. ನಾನು ಜೀಪಿನ 12 ವೋಲ್ಟ್ ಬ್ಯಾಟರಿ ಬಿಚ್ಚಿ ತಂದು ರೇಡಿಯೊಗೆ ಜೋಡಿಸಿದೆ. ಆಂಟೆನಾ ಅಂದರೆ ಎರಡು ಅಡಿಕೆ ಮರಗಳ ನಡುವೆ ಕಟ್ಟಿದ 20 ಮೀಟರ್ ತಾಮ್ರದ ತಂತಿ, ಅಷ್ಟೇ. 7 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನ ಹ್ಯಾಮ್ ಒಬ್ಬರು ಸಿಕ್ಕರು. ಕರಕರ ಸದ್ದು ಜಾಸ್ತಿ. ಔಷಧದ ಹೆಸರನ್ನು ಒಂದೊಂದೇ ಅಕ್ಷರವಾಗಿ ಮೂರು ಸಲ ಹೇಳಿದೆ. ಅವರು ಬರೆದುಕೊಂಡು, ತಿರುಗಿ ಓದಿ ಹೇಳಿದರು. ಮರುದಿನ ಸಂಜೆ ಮಗ ಔಷಧ ಮುಟ್ಟಿಸಿದ. ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದದ್ದು ಇನ್ನೂ ನೆನಪಿದೆ.

ಶಿರೂರಿನ ಗುಡ್ಡ ಕುಸಿದದ್ದು, ಕಾರವಾರದ ಹಳೆ ಕಾಳಿ ಸೇತುವೆ ಬಿದ್ದದ್ದು, ಎರಡೂ 2024ರ ಮಳೆಗಾಲದಲ್ಲೇ. ಇನ್ನು ಹಾಗಾಗುವುದಿಲ್ಲ ಅಂತ ಸುಮ್ನೆ ಕೂರಲು ಆಗುವುದಿಲ್ಲ, ಅಲ್ವಾ? ಜಿಲ್ಲಾಡಳಿತ ಅಣಕು ಕಾರ್ಯಾಚರಣೆ ಮಾಡುವಾಗ ನಮ್ಮನ್ನೂ ಕರೆಯಲಿ. ನಾವು ದುಡ್ಡಿಗೆ ಬರುವವರಲ್ಲ. ಒಂದು ತೊಡಕಿದೆ. ಕೈಯಲ್ಲಿ ಹಿಡಿಯುವ ಸೆಟ್‌ನ 144 ಮೆಗಾಹರ್ಟ್ಸ್ ಅಲೆ ಹೆಚ್ಚು ಕಡಿಮೆ ನೇರ ಹೋಗುತ್ತದೆ, ಘಟ್ಟ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಶಿರಸಿಯ ಮಾತು ಕುಮಟಾಕ್ಕೆ ದಾಟಬೇಕಾದರೆ ದೇವಿಮನೆ ಘಟ್ಟದ ನೆತ್ತಿಯಲ್ಲಿ ಸೋಲಾರ್ ಬ್ಯಾಟರಿಯ ರಿಪೀಟರ್, ಅಂದರೆ ಮಾತನ್ನು ಹಿಡಿದು ಮುಂದಕ್ಕೆ ಕಳಿಸುವ ಸೆಟ್, ಬೇಕು.

12 ವರ್ಷ ತುಂಬಿದವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಕಾಲೇಜು ಮಕ್ಕಳಿಗೆ ಕಲಿಸಲು ಪ್ರತಿ ಭಾನುವಾರ ನಾನು ಸಿದ್ಧ. ಸೆಟ್ಟನ್ನೂ ತರುತ್ತೇನೆ.

– ಒಬ್ಬ ಹವ್ಯಾಸಿ ರೇಡಿಯೊ ಬಳಕೆದಾರ, ಶಿರಸಿ