ಕಣ್ಣುರಿಗೆಲ್ಲ ಒಂದೇ ಹನಿಯೆ?

ಮಾನ್ಯರೆ,

ವಿದ್ಯಾನಗರದ ಉಚಿತ ನೇತ್ರ ತಪಾಸಣಾ ಶಿಬಿರದ ವರದಿ ಓದಿ ಮೈ ಉರಿಯಿತು. ಕಂಪ್ಯೂಟರ್ ಮುಂದೆ ದುಡಿಯುವವರು ಅರ್ಧ ದಿನದ ರಜೆ ಹಾಕಿ, ಚೀಟಿಗೊಂದು ಸಾಲು, ಔಷಧಕ್ಕೊಂದು ಸಾಲು ಎಂದು ಬಿಸಿಲಲ್ಲಿ ನಿಂತಿದ್ದಾರೆ. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ ಎಂದ ಅಷ್ಟೂ ಜನರಿಗೆ ಕೊಟ್ಟದ್ದು ಸ್ಟಿರಾಯ್ಡ್ ಬೆರೆತ ಒಂದೇ ಹನಿ! ಅದರಿಂದ ಕೆಂಪು ಬೇಗ ಇಳಿಯುತ್ತದೆ, ಅಪಾಯ ಇರುವುದೂ ಅಲ್ಲೇ. ಬಾಟಲಿ ಮುಗಿದರೆ ಜನ ಅದನ್ನೇ ಔಷಧ ಅಂಗಡಿಯಲ್ಲಿ ತೋರಿಸಿ ಇನ್ನೊಂದು ತರುತ್ತಾರೆ, ವೈದ್ಯರ ಚೀಟಿ ಕೇಳುವವರಿಲ್ಲ. ವಾರಗಟ್ಟಲೆ ಹಾಕಿದರೆ ಹಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಹಾಗೆ ಬರುವ ಗ್ಲುಕೋಮಾದಲ್ಲಿ (ಒತ್ತಡದಿಂದ ಕಣ್ಣಿನ ನರ ಹಾಳಾಗುವ ರೋಗ) ನೋವು ಇರುವುದೇ ಅಪರೂಪ, ಹೋದ ದೃಷ್ಟಿ ಮರಳುವುದಿಲ್ಲ.

ಈ ಚುಚ್ಚು ಕಣ್ಣು ಒಣಗುವ ತೊಂದರೆಯೇ ಎಂದು ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿರಲಿಲ್ಲ. ಕೆಳರೆಪ್ಪೆಯೊಳಗೆ ಕಣ್ಣೀರು ಅಳೆಯುವ ಶಿರ್ಮರ್ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡಬೇಕು. 5 ಮಿ.ಮೀ. ಕೂಡ ನೆನೆಯದಿದ್ದರೆ ಕಣ್ಣೀರೇ ಕಡಿಮೆ ಎಂದರ್ಥ. ಹೆಚ್ಚಿನವರ ತೊಂದರೆ ಬೇರೆ: ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡಿರುತ್ತವೆ. ಎಣ್ಣೆಯ ಪದರ ತೆಳುವಾದರೆ ಕಣ್ಣೀರು ಬೇಗ ಆರುತ್ತದೆ, ಆ ಉರಿಗೆ ಮತ್ತೆ ನೀರು ಸುರಿಯುತ್ತದೆ. ‘ನೀರು ಸೋರತಾವ, ಒಣಗೂದು ಹೆಂಗ್ರಿ?’ ಎನ್ನುವವರಿಗೆ ಇಷ್ಟನ್ನಾದರೂ ಹೇಳಬೇಕಿತ್ತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಕೈಗೆ ತಾಳುವಷ್ಟೇ ಬಿಸಿ ಇರುವಾಗ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಬೇಕು. ಬಟ್ಟೆ ಬೇಗ ತಣಿಯುವುದರಿಂದ ನಡುನಡುವೆ ಮತ್ತೆ ಅದ್ದಬೇಕು. ಆಮೇಲೆ ಮೇಲುರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ ಹಗುರ ಕೈಯಿಂದ ನೀವಬೇಕು. ಒಮ್ಮೆ ಮಾಡಿ ಬಿಟ್ಟರೆ ಫಲವಿಲ್ಲ, ದಿನವೂ ಬೇಕು. ಹನಿ ಬೇಕಾದವರಿಗೆ ಕೃತಕ ಕಣ್ಣೀರಾದ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5% ಇದೆ. ದಿನಕ್ಕೆ 4ಕ್ಕಿಂತ ಹೆಚ್ಚು ಸಲ ಹಾಕುವವರಿಗೆ ಪ್ರಿಸರ್ವೇಟಿವ್ (ಔಷಧ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದೇ ಆಗಬೇಕು, ಇಲ್ಲದಿದ್ದರೆ ಆ ರಾಸಾಯನಿಕವೇ ಕಣ್ಣನ್ನು ಕೆರಳಿಸುತ್ತದೆ.

ಇನ್ನು ಕಚೇರಿಗಳು. ಸಿಪಿಯು ಮೇಲೆ ಮಾನಿಟರ್ ಏರಿಸಿಟ್ಟು ನೌಕರರು ಕಣ್ಣರಳಿಸಿ ಮೇಲೆ ನೋಡುವಂತೆ ಮಾಡಿದ್ದಾರೆ. ಎ.ಸಿ. ಗಾಳಿ ನೇರ ಮುಖಕ್ಕೆ, ಕಣ್ಣೀರು ಇನ್ನೂ ಬೇಗ ಆರುತ್ತದೆ. ನಿಮಿಷಕ್ಕೆ ಸುಮಾರು 15 ಸಲ ಮಿಟುಕಬೇಕಾದ ರೆಪ್ಪೆ ಪರದೆಯ ಮುಂದೆ ಅದರರ್ಧವೂ ಮಿಟುಕುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ ಎಂದು ಹೇಳಲು ಯಾವ ಸಮಿತಿಯೂ ಬೇಡ.

ಹೊರಗೆ ಬಂದರೆ ಚೆನ್ನಮ್ಮ ವೃತ್ತದ ಸುತ್ತ ಧೂಳು. ಅಗೆದವರು ಮುಚ್ಚುವುದಿಲ್ಲ, ಮುಚ್ಚಿದ್ದನ್ನು ಇನ್ನೊಬ್ಬರು ಅಗೆಯುತ್ತಾರೆ. ರಸ್ತೆಗೆ ನೀರು ಹೊಡೆಯಲು ಮಂತ್ರಿಗಳೇ ಬರಬೇಕೆ? ಹೆಲ್ಮೆಟ್ ಗಾಜು ಇಳಿಸಿದರೂ ಬೈಕ್ ಸವಾರರ ಕಣ್ಣಿಗೆ ಮಣ್ಣು ತಪ್ಪಿದ್ದಲ್ಲ. ವರ್ಷಗಳಿಂದ ಮನವಿ ಕೊಟ್ಟಿದ್ದೇ ಬಂತು.

ಬಾಟಲಿ ಪಡೆದವರನ್ನೆಲ್ಲ ಮತ್ತೆ ಕರೆಸಿ ಕಣ್ಣಿನ ಒತ್ತಡ ಅಳೆಯಿರಿ. ಔಷಧ ನಿಯಂತ್ರಣದವರು ಕುರ್ಚಿ ಬಿಟ್ಟು ಅಂಗಡಿಗಳಿಗೆ ಹೋಗಲಿ, ರಸ್ತೆಯವರು ರಸ್ತೆ ಮುಚ್ಚಲಿ. ಫೋಟೊ ತೆಗೆಸಿಕೊಳ್ಳಲು ಶಿಬಿರ ಮಾಡುವುದಾದರೆ ದಯವಿಟ್ಟು ಮಾಡಲೇಬೇಡಿ.

– ನಿವೃತ್ತ ನೇತ್ರಾಧಿಕಾರಿ, ಕೇಶ್ವಾಪುರ, ಹುಬ್ಬಳ್ಳಿ