ಪ್ಲೇಟೊ ಹೇಳಿದ್ದು ಬರೀ ಅಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಓದಿದವರಿಗೆ ಮಾತ್ರ ಮತದ ಹಕ್ಕಿರಬೇಕು, ಇಲ್ಲವೇ ಅವರ ಮತಕ್ಕೆ ಜಾಸ್ತಿ ಬೆಲೆ ಕೊಡಬೇಕು ಎಂಬ ವಾದ ನಿಮ್ಮ ವಾಚಕರ ಅಂಕಣದಲ್ಲಿ ಮತ್ತೆ ಬಂದಿದೆ. ಎಂದಿನಂತೆ ಹಳೆಯ ಗ್ರೀಸಿನ ಅಥೆನ್ಸ್ ನಗರದ ತತ್ವಜ್ಞಾನಿ ಪ್ಲೇಟೊನನ್ನೇ ಸಾಕ್ಷಿಗೆ ಕರೆದಿದ್ದಾರೆ. ಅವನ 'ರಿಪಬ್ಲಿಕ್' ಪುಸ್ತಕದಲ್ಲಿ ರಾಜ್ಯವನ್ನು ಹಡಗಿಗೆ ಹೋಲಿಸುವ ಕತೆ ಗೊತ್ತಲ್ವಾ, ಅದೇ. ಹಡಗು ನಡೆಸಲು ಬಾರದವರೆಲ್ಲ ಚುಕ್ಕಾಣಿಗಾಗಿ ಕಿತ್ತಾಡುತ್ತಾರೆ, ಗಾಳಿ, ನಕ್ಷತ್ರ, ಋತುಗಳ ಲೆಕ್ಕ ಬಲ್ಲವನನ್ನು ಸುಮ್ನೆ ಆಕಾಶ ನೋಡುವವನು ಎಂದು ಗೇಲಿ ಮಾಡುತ್ತಾರೆ. ಕತೆ ಚೆನ್ನಾಗಿದೆ. ಆದರೆ ಅದೇ ಪುಸ್ತಕದ ಉಳಿದ ಪುಟಗಳನ್ನು ಯಾಕೆ ಯಾರೂ ಹೇಳುವುದಿಲ್ಲ?

ಪ್ಲೇಟೊ ಅಲ್ಲಿ ಕಲ್ಪಿಸಿದ ರಾಜ್ಯದಲ್ಲಿ ಆಳುವವರಿಗೆ ಸ್ವಂತ ಆಸ್ತಿ ಇರುವಂತಿಲ್ಲ. ಬೆಳ್ಳಿ, ಬಂಗಾರ ಮುಟ್ಟುವಂತಿಲ್ಲ. ಬೀಗ ಹಾಕಿಕೊಳ್ಳುವ ಸ್ವಂತ ಮನೆಯಿಲ್ಲ, ಊಟ ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ. ಮಕ್ಕಳನ್ನು ಕೂಡ ನನ್ನವರು ಎಂದು ಹೇಳುವಂತಿಲ್ಲ. ಇನ್ನು ಓದು. ಇಪ್ಪತ್ತರಿಂದ ಮೂವತ್ತರವರೆಗೆ ಗಣಿತ, ರೇಖಾಗಣಿತ, ಖಗೋಳ. ಆಮೇಲೆ ಐದು ವರ್ಷ ತರ್ಕ. ಅದಾದ ಮೇಲೆ ಹದಿನೈದು ವರ್ಷ ಕೆಳಗಿನ ಹುದ್ದೆಗಳಲ್ಲಿ ದುಡಿತ. ಇಷ್ಟನ್ನೂ ದಾಟಿ, ಎಲ್ಲ ಪರೀಕ್ಷೆಯಲ್ಲೂ ಗೆದ್ದವರಿಗೆ ಐವತ್ತನೇ ವಯಸ್ಸಿಗೆ ಆಳುವ ಸರದಿ, ಅದೂ ಅವರಿಗೆ ಇಷ್ಟವಿಲ್ಲದಿದ್ದರೂ ಕರ್ತವ್ಯ ಅಂತ. (ಹೆಂಗಸರೂ ಆಳಬಹುದು ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. ಅವನ ಹೆಸರು ಹೇಳುವವರು ಇದನ್ನೂ ಹೇಳುವುದಿಲ್ಲ.) ಒಂದು ಪದವಿ ಪತ್ರ ತೋರಿಸಿ ಚುಕ್ಕಾಣಿ ಕೇಳುವವರು ಈ ಷರತ್ತುಗಳಲ್ಲಿ ಒಂದನ್ನಾದರೂ ಒಪ್ಪುತ್ತಾರಾ?

ಪ್ಲೇಟೊನಿಗೆ ಪ್ರಜಾಪ್ರಭುತ್ವದ ಮೇಲೆ ಸಿಟ್ಟಿತ್ತು, ಕಾರಣವೂ ಇತ್ತು. ಕ್ರಿ.ಪೂ. 399ರಲ್ಲಿ ಅವನ ಗುರು ಸಾಕ್ರಟೀಸನಿಗೆ ಮರಣದಂಡನೆ ಕೊಟ್ಟದ್ದು ಅಥೆನ್ಸಿನ ಸಾಮಾನ್ಯ ಜನರ ನ್ಯಾಯಸಭೆಯೇ. ಅದಕ್ಕೂ ಮೊದಲು, 406ರಲ್ಲಿ, ಆರ್ಗಿನೂಸೆಯ ಸಮುದ್ರ ಯುದ್ಧ ಗೆದ್ದ ಸೇನಾಪತಿಗಳು ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದ ತಮ್ಮವರನ್ನು ಎತ್ತಿಕೊಳ್ಳಲಿಲ್ಲ ಎಂದು ಜನಸಭೆ ಕೆರಳಿತು, ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ವಿಚಾರಿಸಬೇಕೆಂಬ ಕಾನೂನನ್ನು ಬದಿಗೆ ಸರಿಸಿ ಎಂಟೂ ಜನರಿಗೆ ಒಂದೇ ಸಲ ಶಿಕ್ಷೆ ಹಾಕಿತು, ಕೈಗೆ ಸಿಕ್ಕಿದ ಆರು ಜನರನ್ನು ಕೊಂದೂ ಬಿಟ್ಟಿತು. ಅವತ್ತು ಸಭೆ ನಡೆಸುವವರ ಪೈಕಿ ಇದ್ದ ಸಾಕ್ರಟೀಸ್ ಆಗುವುದಿಲ್ಲ ಎಂದಿದ್ದ. ಯಾರೂ ಕೇಳಲಿಲ್ಲ. ಆಮೇಲೆ ಜನ ಪಶ್ಚಾತ್ತಾಪ ಪಟ್ಟರು, ಪ್ರಯೋಜನ ಏನು?

ಹಾಗಂತ ಓದಿದವರು ಏನು ಮಾಡಿದರು ನೋಡಿ. 404ರಲ್ಲಿ ಎದುರಾಳಿ ನಗರ ಸ್ಪಾರ್ಟಾ ಎದುರು ಅಥೆನ್ಸ್ ಸೋತ ಮೇಲೆ ಮೂವತ್ತು ಜನರ ಕೈಗೆ ಆಡಳಿತ ಹೋಯಿತು. ಅವರ ಮುಂದಾಳು ಕ್ರಿಟಿಯಾಸ್. ಕವಿ, ಒಳ್ಳೆಯ ಮನೆತನದವನು, ಸಾಕ್ರಟೀಸನ ಸುತ್ತ ಓಡಾಡಿದವನು, ಪ್ಲೇಟೊನ ತಾಯಿ ಕಡೆಯ ಬಂಧು. ಓದು ಬರಹಕ್ಕೆ ಏನೂ ಕೊರತೆ ಇರಲಿಲ್ಲ. ಒಂದು ವರ್ಷವೂ ಉಳಿಯದ ಆ ಆಡಳಿತ ಕೊಂದವರ ಸಂಖ್ಯೆ 1500ಕ್ಕೆ ಕಡಿಮೆ ಇಲ್ಲ ಎಂದು ಆ ಕಾಲಕ್ಕೆ ಹತ್ತಿರದ ಬರಹಗಳೇ ಹೇಳುತ್ತವೆ. ಸಲಾಮಿಸ್‌ನ ಲಿಯೋನ್ ಎಂಬವನನ್ನು ಕೊಲ್ಲಲು ಹಿಡಿದು ತಾ ಎಂದು ಅವರು ಸಾಕ್ರಟೀಸನಿಗೂ ಹೇಳಿದರು. ಅವನು ಸೀದಾ ಮನೆಗೆ ಹೋದ. ಜನರ ಗುಂಪಿಗೂ ಇಲ್ಲ ಎಂದವನು ಅವನೇ, ಜಾಣರ ಗುಂಪಿಗೂ ಇಲ್ಲ ಎಂದವನು ಅವನೇ.

ಅಥೆನ್ಸಿನವರು ಪರಿಣತಿ ಬೇಡ ಎಂದವರೇನಲ್ಲ. ಐನೂರು ಜನರ ಸಭೆಗೆ ಚೀಟಿ ಎತ್ತಿ ಆರಿಸುತ್ತಿದ್ದರು, ಆದರೆ ಯುದ್ಧ ನಡೆಸುವ ಹತ್ತು ಸೇನಾಪತಿಗಳನ್ನು ಮತ ಹಾಕಿಯೇ ಆರಿಸುತ್ತಿದ್ದರು, ಚೆನ್ನಾಗಿ ಕೆಲಸ ಮಾಡಿದವರು ಮತ್ತೆ ಮತ್ತೆ ಆರಿಸಿ ಬರಬಹುದಿತ್ತು. ನನಗೆ ಮುಖ್ಯ ಅನಿಸುವುದು ಇನ್ನೊಂದು ಸಂಗತಿ. ಹುದ್ದೆಗೆ ಬಂದವನು ಚೀಟಿಯಿಂದ ಬರಲಿ, ಮತದಿಂದ ಬರಲಿ, ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಲೇಬೇಕಿತ್ತು. ಯಾವ ನಾಗರಿಕ ಬೇಕಾದರೂ ಎದ್ದು ದೂರು ಕೊಡಬಹುದಿತ್ತು.

ಪ್ಲೇಟೊನ ಶಿಷ್ಯ ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್' ಪುಸ್ತಕದ ಮೂರನೇ ಭಾಗದಲ್ಲಿ ಹಿಡಿದ ಎಳೆ ಇದೇ. ವೈದ್ಯನ ಕೆಲಸವನ್ನು ವೈದ್ಯನೇ ಅಳೆಯಬೇಕಲ್ಲವೇ ಎಂಬ ಆಕ್ಷೇಪವನ್ನು ಮೊದಲು ತಾನೇ ಎತ್ತುತ್ತಾನೆ. ಉತ್ತರವನ್ನೂ ಕೊಡುತ್ತಾನೆ. ಮನೆ ಹೇಗಿದೆ ಎಂದು ಕಟ್ಟಿದವನಿಗಿಂತ ವಾಸ ಮಾಡುವವನಿಗೆ ಚೆನ್ನಾಗಿ ಗೊತ್ತು. ಚುಕ್ಕಾಣಿ ಹೇಗಿದೆ ಎಂದು ಬಡಗಿಗಿಂತ ಹಡಗು ನಡೆಸುವವನಿಗೆ ಗೊತ್ತು. ಪ್ಲೇಟೊನ ಹಡಗಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಹಾಗೆಂದು ಎಲ್ಲ ದೊಡ್ಡ ಹುದ್ದೆಯನ್ನೂ ಎಲ್ಲರಿಗೂ ಕೊಡಿ ಎಂದು ಅವನು ಹೇಳುವುದಿಲ್ಲ. ಆರಿಸುವ ಮತ್ತು ಲೆಕ್ಕ ಕೇಳುವ ಅಧಿಕಾರವಾದರೂ ಜನರ ಕೈಯಲ್ಲಿರಲಿ ಎನ್ನುತ್ತಾನೆ. ತಮಾಷೆ ಎಂದರೆ ಇದನ್ನು ಬರೆದವನಿಗೆ ಅಥೆನ್ಸಿನಲ್ಲಿ ಮತವೇ ಇರಲಿಲ್ಲ, ಅವನು ಸ್ಟಗಿರಾ ಊರಿನವನು, ಅಲ್ಲಿ ಪರದೇಶಿ. ಹೆಂಗಸರಿಗೂ ಗುಲಾಮರಿಗೂ ಇರಲಿಲ್ಲ, ಗುಲಾಮಗಿರಿಯನ್ನು ಅರಿಸ್ಟಾಟಲನೇ ಸಮರ್ಥಿಸಿದ್ದಾನೆ. ಆದ್ದರಿಂದ ಗ್ರೀಕರು ಹೇಳಿದ್ದೆಲ್ಲ ವೇದವಾಕ್ಯ ಎಂದು ನಾನು ಹೇಳುತ್ತಿಲ್ಲ.

ಕೊನೆಗೆ ಪ್ಲೇಟೊ ಕೂಡ 'ರಿಪಬ್ಲಿಕ್'ನಲ್ಲೇ ನಿಲ್ಲಲಿಲ್ಲ. ಸಿಸಿಲಿ ದ್ವೀಪದ ಸಿರಕ್ಯೂಸ್‌ ನಗರದ ದೊರೆ ಎರಡನೇ ಡಯೊನೀಸಿಯಸ್‌ಗೆ ತತ್ವಶಾಸ್ತ್ರ ಕಲಿಸಲು ಹೋಗಿ ಸೋತು ಬಂದ. ಮುಪ್ಪಿನಲ್ಲಿ ಬರೆದ 'ಲಾಸ್' (ಅಂದರೆ ಕಾನೂನುಗಳು) ಎಂಬ ದೊಡ್ಡ ಪುಸ್ತಕದಲ್ಲಿ, ಕಡಿವಾಣವಿಲ್ಲದ ಅಧಿಕಾರ ಕೈಗೆ ಬಂದರೆ ಯಾವ ಮನುಷ್ಯನೂ ಕೆಡದೆ ಉಳಿಯಲಾರ ಎನ್ನುತ್ತಾನೆ, ಆಳುವವರು ಕಾನೂನಿನ ಸೇವಕರಾಗಿರಬೇಕು ಎನ್ನುತ್ತಾನೆ. ಅಧಿಕಾರಿಗಳ ಲೆಕ್ಕ ನೋಡಲು ಪರೀಕ್ಷಕರನ್ನು ನೇಮಿಸುತ್ತಾನೆ. ಆ ಪರೀಕ್ಷಕರೇ ತಪ್ಪು ಮಾಡಿದರೆ ಅವರ ಮೇಲೂ ಮೊಕದ್ದಮೆ ಹೂಡಲು ದಾರಿ ಬಿಟ್ಟಿದ್ದಾನೆ. ತಾನು ಅಷ್ಟು ಬೈದ ಅಥೆನ್ಸಿನ ಪದ್ಧತಿಯನ್ನೇ ಎತ್ತಿಕೊಂಡಿದ್ದಾನೆ ಅಲ್ವಾ?

ಮತಕ್ಕೆ ಪರೀಕ್ಷೆ ಇಡಬೇಕು ಎನ್ನುವ ಆ ಪತ್ರಗಾರರಿಗೆ ನನ್ನದೊಂದು ಪ್ರಶ್ನೆ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವವರು ಯಾರು, ಅದರಲ್ಲಿ ಫೇಲಾದವರು ತಮ್ಮ ದೂರು ಹಿಡಿದು ಯಾರ ಹತ್ತಿರ ಹೋಗಬೇಕು? ಮುಂದಿನ ಪತ್ರದಲ್ಲಿ ಇದಕ್ಕೆ ಉತ್ತರ ಬರೆಯಲಿ. ಪ್ಲೇಟೊನನ್ನು ಮತ್ತೆ ಕರೆತರುವುದಾದರೆ 'ಲಾಸ್' ಪುಸ್ತಕವನ್ನೂ ಜೊತೆಗೆ ತರಲಿ.

ಇತಿ,
ನಿಮ್ಮ ಓದುಗ