ಮೊದಲು ಕೆಲಸಕ್ಕೆ ತೆಗೆದುಕೊಳ್ಳಿ, ಆಮೇಲೆ ಕಲಿಸಿ

ಮಾನ್ಯ ಸಂಪಾದಕರೇ,

ಪ್ರೋಗ್ರಾಮರ್‌ಗಳು ಸಿಗುತ್ತಿಲ್ಲ ಎಂದು ಒಂದು ಕಡೆ ಕಂಪನಿಗಳ ಗೋಳು. ಇನ್ನೊಂದು ಕಡೆ, ಕೆಲಸ ಕಳೆದುಕೊಂಡವರಿಗೆಲ್ಲ ‘ಕೋಡಿಂಗ್ ಕಲಿತುಬಿಡಿ’ ಎಂಬ ಪುಕ್ಕಟೆ ಸಲಹೆ. ಎರಡನ್ನೂ ಓದಿ ಓದಿ ಸಾಕಾಗಿದೆ. ನಾನು ಪ್ರೋಗ್ರಾಮರ್, ಹೊಸಬರ ಸಂದರ್ಶನಕ್ಕೂ ಕೂರುತ್ತೇನೆ. ನನಗೆ ಕಂಡಂತೆ ಕಲಿಯುವವರಿಗೆ ಕೊರತೆಯಿಲ್ಲ. ಕಲಿತವರನ್ನು ಒಳಗೆ ಬಿಟ್ಟುಕೊಳ್ಳಲು ನಮಗೇ ಮನಸ್ಸಿಲ್ಲ.

ಕೆಲಸದ ಜಾಹೀರಾತುಗಳನ್ನೇ ನೋಡಿ. ಮೇಲೆ ‘ಹೊಸಬರಿಗೆ ಅವಕಾಶ’ ಎಂದಿರುತ್ತದೆ. ಕೆಳಗೆ ಮೂರು ವರ್ಷದ ಅನುಭವ ಕಡ್ಡಾಯ, ಜೊತೆಗೆ ಏಳೆಂಟು ಟೂಲ್‌ಗಳ ಹೆಸರು. ಮೂರು ವರ್ಷ ದುಡಿದವರು ಹೊಸಬರು ಹೇಗಾಗುತ್ತಾರೆ? ಆ ಪಟ್ಟಿಯ ಅರ್ಧದಷ್ಟನ್ನು ಈಗ ಒಳಗಿರುವವರೂ ಕೆಲಸ ಮಾಡ್ತಾ ಮಾಡ್ತಾನೇ ಕಲಿತದ್ದು, ಅಲ್ವಾ?

ಈ ವೃತ್ತಿ ಶುರುವಾದದ್ದೇ ಬೇರೆ ಕೆಲಸದವರಿಂದ. 1945ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರಿಗೆ ಪ್ರೋಗ್ರಾಮ್ ಮಾಡಲು ಆರು ಮಹಿಳೆಯರನ್ನು ಆರಿಸಿದರು. ಫಿರಂಗಿ ಗುಂಡು ಎಲ್ಲಿ ಬೀಳುತ್ತದೆ ಎಂಬ ಲೆಕ್ಕ ಹಾಕುತ್ತಿದ್ದವರು ಅವರು. ಪಠ್ಯಪುಸ್ತಕ ಇರಲಿಲ್ಲ, ಪ್ರೋಗ್ರಾಮಿಂಗ್ ಭಾಷೆಯೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಮುಂದಿಟ್ಟುಕೊಂಡು ಕಲಿತರು. ಮುಂದೆ ನಾಸಾದ ಲ್ಯಾಂಗ್ಲಿ ಕೇಂದ್ರಕ್ಕೆ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬಂದಾಗ, ಕೈಲೆಕ್ಕ ಮಾಡುವವರ ಗುಂಪನ್ನು ನಡೆಸುತ್ತಿದ್ದ ಡೊರೊಥಿ ವಾನ್ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಜೊತೆಯವರಿಗೂ ಕಲಿಸಿದರು. ಇವರಿಗೆಲ್ಲ ಲೆಕ್ಕ ಗೊತ್ತಿತ್ತು, ಯಂತ್ರ ಗೊತ್ತಿರಲಿಲ್ಲ. ಯಂತ್ರವನ್ನು ಕಲಿತುಕೊಂಡರು, ಅಷ್ಟೇ.

ನಾವು ಕಡೆಗಣಿಸುತ್ತಿರುವುದು ಇದನ್ನೇ. ಬೇರೆ ಕೆಲಸದಿಂದ ಬರುವವರು ಬರಿಗೈಲಿ ಬರುವುದಿಲ್ಲ. ಒಂದು ಸಣ್ಣ ಉದಾಹರಣೆ. 100ನ್ನು ಮೂರು ಕಂತು ಮಾಡಿದರೆ ಒಂದೊಂದು 33.33. ಮೂರನ್ನೂ ಕೂಡಿದರೆ 99.99. ಉಳಿದ 0.01 ಯಾವ ಕಂತಿಗೆ ಸೇರಬೇಕು? ಲೆಕ್ಕಪತ್ರ ನೋಡಿಕೊಂಡಿದ್ದವರು ಒಂದು ಸಾಲು ಕೋಡ್ ಬರೆಯುವ ಮೊದಲೇ ಇದನ್ನು ಕೇಳುತ್ತಾರೆ. ಬರೀ ಕೋಡ್ ಗೊತ್ತಿರುವವರು ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ದೂರು ಬಂದಾಗ ಕೇಳುತ್ತಾರೆ. ಆಸ್ಪತ್ರೆ, ಗೋದಾಮು, ಸಾರಿಗೆ, ಎಲ್ಲ ಕಡೆಯೂ ಇಂಥ ಪ್ರಶ್ನೆಗಳಿವೆ. ಅವನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಹಾಗಂತ ಎಲ್ಲರನ್ನೂ ಪ್ರೋಗ್ರಾಮರ್ ಮಾಡಿಬಿಡಬಹುದು ಎಂದಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಪೈಕ್‌ವಿಲ್‌ನ ಬಿಟ್‌ಸೋರ್ಸ್ ಎಂಬ ಪುಟ್ಟ ಕಂಪನಿ 2015ರಲ್ಲಿ ಕಲ್ಲಿದ್ದಲು ಗಣಿ ಕೆಲಸ ಹೋದವರಿಗೆ ಪ್ರೋಗ್ರಾಮಿಂಗ್ ಕಲಿಸಿತು. ಕಲಿಯುವಾಗಲೇ ಸಂಬಳವನ್ನೂ ಕೊಟ್ಟಿತು. 900ಕ್ಕೂ ಹೆಚ್ಚು ಅರ್ಜಿ ಬಂದಿದ್ದವು, ತೆಗೆದುಕೊಂಡದ್ದು ಹತ್ತು ಹನ್ನೊಂದು ಮಂದಿಯನ್ನು. ಗಣಿಯವರಿಗೆ ಕೋಡಿಂಗ್ ಎಲ್ಲಿ ಬರುತ್ತದೆ ಎಂದು ನಕ್ಕವರಿಗೆ ಅದು ಉತ್ತರ ಕೊಟ್ಟಿತು. ಉಳಿದ ಸುಮಾರು ಒಂಬೈನೂರು ಜನರ ಪಾಡೇನು ಎಂಬುದಕ್ಕೆ ಅದರ ಬಳಿ ಉತ್ತರ ಇರಲಿಲ್ಲ. ಇರಬೇಕೆಂದು ಕೇಳುವುದೂ ತಪ್ಪು. ಪುಟ್ಟ ಕಂಪನಿ ಎಷ್ಟೆಂದು ಹೊರುತ್ತದೆ?

ಇನ್ನು ಮೂರು ತಿಂಗಳ ಕೋರ್ಸ್‌ಗಳು. ಅಲ್ಲಿ ಎಲ್ಲರೂ ಖಾಲಿ ಫೈಲಿನಿಂದ ಶುರು ಮಾಡಿ ಪುಟ್ಟದೊಂದು ಆ್ಯಪ್ ಕಟ್ಟುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಖಾಲಿ ಫೈಲ್ ಸಿಗುವುದೇ ಅಪರೂಪ. ಯಾರೋ ಬರೆದು ಬಿಟ್ಟುಹೋದ ಸಾವಿರಾರು ಸಾಲು ಕೋಡ್ ಓದಬೇಕು, ಬೇರೇನೂ ಕೆಡದ ಹಾಗೆ ಎರಡೇ ಸಾಲು ಬದಲಿಸಬೇಕು. ಇದು ಬರುವುದು ತಿಳಿದವರ ಪಕ್ಕ ಕೂತು. ಹಾಗೆ ಕೂರಿಸಿಕೊಳ್ಳಲು ಹಿರಿಯರಿಗೆ ಪುರುಸೊತ್ತು ಕೊಡಬೇಕು. ಅದನ್ನು ಮಾತ್ರ ಯಾವ ಮ್ಯಾನೇಜರೂ ಕೊಡುವುದಿಲ್ಲ. ಈಗಂತೂ ಸಣ್ಣಪುಟ್ಟ ಕೋಡನ್ನು ಎಐ ಬರೆದುಕೊಡುತ್ತದೆ, ಹೊಸಬರು ಯಾಕೆ ಎನ್ನುತ್ತಾರೆ. ಎಐ ಬರೆದದ್ದು ಸರಿಯೋ ತಪ್ಪೋ ಎಂದು ಹತ್ತು ವರ್ಷ ಬಿಟ್ಟು ನೋಡುವವರು ಯಾರು?

ಕಂಪನಿಗಳು ತಮ್ಮಲ್ಲೇ ಇರುವ ಬೇರೆ ವಿಭಾಗದವರಿಂದ ಶುರು ಮಾಡಲಿ. ಸಂಬಳ ನಿಲ್ಲಿಸದೆ ಆರು ತಿಂಗಳು ಕಲಿಸಲಿ, ಕಲಿಸುವ ಹಿರಿಯರ ಬೇರೆ ಕೆಲಸ ಕಡಿಮೆ ಮಾಡಲಿ. ಸರ್ಕಾರ ತರಬೇತಿಗೆ ಹಣ ಕೊಡುವುದಾದರೆ ಎಷ್ಟು ಸರ್ಟಿಫಿಕೇಟ್ ಹಂಚಿದಿರಿ ಎಂದು ಸುಮ್ನೆ ಎಣಿಸುವುದು ಬೇಡ. ಕಲಿತವರಲ್ಲಿ ಎಷ್ಟು ಜನ ಒಂದು ವರ್ಷದ ನಂತರವೂ ಪ್ರೋಗ್ರಾಮಿಂಗ್ ಕೆಲಸದಲ್ಲೇ ಇದ್ದಾರೆ ಎಂದು ಕೇಳಲಿ. ಕೊನೆಯ ಕಂತಿನ ಹಣವನ್ನು ಆ ಉತ್ತರ ಬಂದ ಮೇಲೆಯೇ ಕೊಡಲಿ.

ಇಂತಿ,
ಒಬ್ಬ ಓದುಗ